ರತ್ನಾಕರಣ್ಣನ ಕ್ಲೋಸಪ್

ಯಾವ ಸಿನಿಮಾ ನೋಡಬಹುದು, ಯಾವುದಕ್ಕೆ ಹೋದರೆ ಬಸ್ ಚಾರ್ಜೂ ದಂಡ ಎಂದು ತೀರ್ಪು ಕೊಡುವ ಅಧಿಕಾರವನ್ನು ಗುಲ್ವಾಡಿಯಲ್ಲಿ ರತ್ನಾಕರನಿಗೆ ಯಾರೂ ಕೊಟ್ಟಿರಲಿಲ್ಲ. ಅದನ್ನು ಅವನಿಂದ ಕಿತ್ತುಕೊಳ್ಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಏಕೆಂದರೆ ಮರುದಿನ ಮನೆ ಬಾಗಿಲಿಗೆ ಮೀನು ತರುವವನೂ ಅವನೇ. ಬೆಳಕು ಹರಿಯುವ ಮೊದಲೇ ಗಂಗೊಳ್ಳಿ ಬಂದರಿಗೆ ಹೋಗಿ, ಏಲಂ ಕೂಗುವವರೊಡನೆ ಜಗಳವಾಡಿ, ಸ್ಕೂಟರಿನ ಹಿಂದಿನ ಡಬ್ಬಿ ತುಂಬಿಸಿಕೊಂಡು ಗುಲ್ವಾಡಿಯಿಂದ ಹಾಲಾಡಿ ಪೇಟೆಯವರೆಗೂ ಅವನು ಹಾರನ್ ಹೊಡೆಯುತ್ತ ಹೋಗುತ್ತಿದ್ದ. ಪ್ರತಿ ಗೇಟಿನಲ್ಲೂ ಎರಡು ಪ್ರಶ್ನೆ ತಪ್ಪದೆ ಬರುತ್ತಿದ್ದವು.

“ಹ್ವಾಯ್ ರತ್ನಾಕರಣ್ಣ, ಬಂಗ್ಡಿ ಹ್ಯಾಂಗಿತ್ತ್?”

“ಕಿವಿ ಎತ್ತಿ ಕಾಣಿ. ಒಳ್ಗೆ ಇನ್ನೂ ಕೆಂಪಿತ್ತ್.”

“ಮತ್ತೆ ಆ ಹೊಸಾ ಪಿಚ್ಚರ್?”

“ಶುರುವಿಗೆ ತಾಜಾ. ಇಂಟರ್‌ವಲ್ ಆದ್ ಮೇಲೆ ಐಸಿನದ್ದ್.”

ಅಷ್ಟೇ. ಐಸಿನದ್ದು ಎಂದರೆ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಕೂತು ಬಂದ ಮೀನು, ಸಾರಿಗಾದೀತು, ಹುರಿಯಲಾಗದು. ರತ್ನಾಕರ ಹಾಗೆಂದ ಸಿನಿಮಾಕ್ಕೆ ಆ ದಾರಿಯಲ್ಲಿ ಮತ್ತೆ ಪ್ರೇಕ್ಷಕರು ಹುಟ್ಟುತ್ತಿರಲಿಲ್ಲ. ಪದ್ದುವಿನ ಹೋಟೆಲಿನಲ್ಲಿ ಕೂತು ಮೊಬೈಲಿನ ನಕ್ಷತ್ರಗಳನ್ನು ತೋರಿಸಿ ವಾದಕ್ಕೆ ಬರುವ ಕಾಲೇಜಿನವರನ್ನು ಅವನು ಒಂದೇ ಮಾತಿನಲ್ಲಿ ಕೂರಿಸುತ್ತಿದ್ದ: “ನಕ್ಷತ್ರ ಕಂಡ್ ಮೀನ್ ತಕಂತ್ರ್ಯಾ?” ಶುರುವಿನಿಂದ ಕೊನೆಯವರೆಗೆ ತಾಜಾ ಎಂಬ ಪೂರ್ಣ ಪ್ರಶಸ್ತಿಯನ್ನು ಮಾತ್ರ ಅವನು ಈವರೆಗೆ ಯಾವ ಸಿನಿಮಾಕ್ಕೂ ಕೊಟ್ಟಿರಲಿಲ್ಲ. ಕೊಡುವುದು ಹೇಗೆ? ಶುರುವಿನಿಂದ ಕೊನೆಯವರೆಗೆ ಅವನು ಯಾವ ಸಿನಿಮಾವನ್ನೂ ನೋಡಿರಲಿಲ್ಲ.

ಹಾಗೆಂದು ಇದನ್ನು ಮೋಸ ಎನ್ನಬಾರದು. ರತ್ನಾಕರ ಸಿನಿಮಾ ನೋಡುತ್ತಿದ್ದದ್ದು ಯಕ್ಷಗಾನ ನೋಡುವ ಕ್ರಮದಲ್ಲಿ. ರಾತ್ರಿಯಿಡೀ ನಡೆಯುವ ಆಟಕ್ಕೆ ಹೋದ ನಮ್ಮ ಕಡೆಯ ಹಳೇ ಪ್ರೇಕ್ಷಕರು ಏನು ಮಾಡುತ್ತಾರೆ? ಚಾಪೆ ಹಾಸುತ್ತಾರೆ, ಸ್ವಲ್ಪ ಹೊತ್ತು ಕೂರುತ್ತಾರೆ, ಆಮೇಲೆ ಮಲಗುತ್ತಾರೆ. ಚೆಂಡೆಯ ಪೆಟ್ಟು ಏರಿತೆಂದರೆ ದೊಡ್ಡ ವೇಷ ಬರುತ್ತಿದೆ ಎಂದರ್ಥ. ಆಗ ಎದ್ದು ಕೂತು ವೇಷ ನೋಡಿ, ಕುಣಿತಕ್ಕೊಂದು ಅಭಿಪ್ರಾಯ ಹೇಳಿ, ಮತ್ತೆ ಹೊದ್ದುಕೊಳ್ಳುತ್ತಾರೆ. ಯಾವ ವೇಷಕ್ಕೆ ಏಳಬೇಕೆಂದು ಬಲ್ಲವನೇ ಪ್ರೇಕ್ಷಕ, ಇಡೀ ರಾತ್ರಿ ಕಣ್ಣು ಬಿಟ್ಟು ಕೂರುವವನಿಗೆ ಆರಿಸಲು ಬರುವುದಿಲ್ಲ ಎಂಬುದು ರತ್ನಾಕರನ ಸಿದ್ಧಾಂತ. ಸಿನಿಮಾದಲ್ಲೂ ಅವನು ಪರದೆಯಲ್ಲಿ ಸದ್ದಾದಾಗ ಏಳುತ್ತಿದ್ದ. ಹಾಗಾಗಿ ಅವನ ವಿಮರ್ಶೆಯಲ್ಲಿ ಹೊಡೆದಾಟಕ್ಕೆ ಇದ್ದ ಸ್ಥಾನ ಪ್ರೇಮಕ್ಕೆ ಇರಲಿಲ್ಲ. ಬಂದರಿಗಾಗಿ ನಸುಕಿನಲ್ಲೇ ಎದ್ದ ದೇಹಕ್ಕೆ ಏಸಿಯ ಗಾಳಿ ಮತ್ತು ಮೆತ್ತನೆಯ ಸೀಟು ಸಿಕ್ಕಿದರೆ ಬೇರೇನಾದೀತು ಎಂದು ನಾವಾದರೂ ಕೇಳಬಹುದು. ಆದರೆ ಅವನು ಅದನ್ನು ಒಪ್ಪುವವನಲ್ಲ. “ಕಣ್ಣ್ ಮುಚ್ಕಂಡ್ ಕಾಂಬುದ್” ಎನ್ನುತ್ತಿದ್ದ.

ಇಂಥ ರತ್ನಾಕರ ಒಂದು ಸಿನಿಮಾದೊಳಗೇ ಹೋಗಿಬಿಟ್ಟ.

ಕಳೆದ ವರ್ಷ ಬ್ರಹ್ಮಾವರದ ನವ್ಯಶ್ರೀ ಎಂಬ ಹುಡುಗಿ ತನ್ನ ಮೊದಲ ಸಿನಿಮಾ ಮಾಡಲು ಗುಲ್ವಾಡಿಗೆ ಬಂದಿದ್ದಳು. ಹೊಳೆಯ ಬದಿಯ ಗದ್ದೆಯಲ್ಲಿ ರಂಗಸ್ಥಳ ಕಟ್ಟಿ, ಮೇಳದವರನ್ನು ಕರೆಸಿ, ಆಟದ ದೃಶ್ಯವೊಂದನ್ನು ತೆಗೆಯುವುದಿತ್ತು. ಪ್ರೇಕ್ಷಕರಾಗಿ ಊರಿಗೆ ಊರೇ ಕೂತಿತು. ಮೊದಲ ಸಾಲಿನ ನಡುವೆ ರತ್ನಾಕರ. ಪಕ್ಕದಲ್ಲಿ ಹೆಂಡತಿ ಗುಲಾಬಿ, ಅಪರೂಪಕ್ಕೆ ಹೊರತೆಗೆಯುವ ನೇರಳೆ ಸೀರೆಯಲ್ಲಿ. ಲೈಟು ಸರಿ ಮಾಡಿದರು, ಕ್ಯಾಮೆರಾ ಎಳೆದಾಡಿದರು, ಆಟ ಶುರುವಾಯಿತು, ಅದೇ ಚೆಂಡೆ ಅದೇ ಕುಣಿತ ಎಷ್ಟೋ ಸಲ ಮರುಕಳಿಸಿತು. ‘ಕಟ್’ ಎಂದು ಯಾರೋ ಕೂಗಿದಾಗ ರತ್ನಾಕರ ಕಣ್ಣು ಬಿಟ್ಟ. ನವ್ಯಶ್ರೀ ಓಡುತ್ತ ಬಂದಳು.

“ರತ್ನಾಕರಣ್ಣ, ನಿಮ್ಮ್ ಕ್ಲೋಸಪ್ ಬಾರೀ ಲಾಯ್ಕ್ ಬಂದಿತ್ತ್! ಇಷ್ಟ್ ಸಹಜ ಯಾರಿಗೂ ಮಾಡುಕಾತಿಲ್ಲ.”

ಆ ಮಾತನ್ನು ರತ್ನಾಕರ ಇಡೀ ವರ್ಷ ಮೀನಿನ ಡಬ್ಬಿಯ ಜೊತೆ ಹೊತ್ತು ತಿರುಗಿದ. ಅಂಜಲ್ ಮೀನು ಕೊಯ್ಯುವಾಗ ಕ್ಲೋಸಪ್, ಚಿಲ್ಲರೆ ಕೊಡುವಾಗ ಕ್ಲೋಸಪ್. ಬೈಂದೂರಿನಲ್ಲಿರುವ ಗುಲಾಬಿಯ ಅಣ್ಣ ಯೋಗೀಶನಿಗೆ ಫೋನು ಮಾಡಿ ಮಾಡಿ ಹೇಳಿದ. ಯೋಗೀಶ ಬಹಳ ಕಾಲ ಮುಂಬೈಯ ಹೋಟೆಲುಗಳಲ್ಲಿದ್ದು ಬಂದವನು. ಸಿನಿಮಾದ ವಿಷಯದಲ್ಲಿ ರತ್ನಾಕರನ ಮಾತಿಗೆ ಎದುರು ಮಾತಾಡುವ ಒಬ್ಬನೇ ಮನುಷ್ಯ ಅವನು. “ಕಾಂಬ ಬಾವ, ಬರ್ಲಿ ಪರದೆ ಮೇಲೆ” ಎಂದಷ್ಟೇ ಹೇಳಿ ಅವನು ಫೋನಿಡುತ್ತಿದ್ದ. ಆ ‘ಕಾಂಬ’ದಲ್ಲಿ ಎಷ್ಟು ವಿಷವಿತ್ತೆಂಬುದು ರತ್ನಾಕರನಿಗೆ ಮಾತ್ರ ಗೊತ್ತು.

ಕೊನೆಗೂ ಸಿನಿಮಾ ಕುಂದಾಪುರಕ್ಕೆ ಬಂತು. ಗುಲಾಬಿ ನೇರಳೆ ಸೀರೆಯನ್ನು ಬಿಸಿಲಿಗೆ ಹಾಕಿದಳು.

“ನೀನ್ ತಡಿ” ಎಂದ ರತ್ನಾಕರ. “ಮೊದ್ಲ್ ನಾ ಕಂಡ್ ಬತ್ತೆ. ತಾಜಾ ಇದ್ರೆ ನಾಳೆ ನಿನ್ನ ಕರ್ಕಂಡ್ ಹೋತೆ.”

“ನಿಮ್ಮ್ ಮೋರೆ ತಾಜಾ ಇತ್ತಾ ಇಲ್ಯಾ ಅಂದೇಳಿ ನೀವೇ ಕಂಡ್ ಬರ್ಕಾ?” ಎಂದಳು ಗುಲಾಬಿ. ಆದರೂ ಸೀರೆ ಮಡಿಸಿಟ್ಟಳು. ಅವನು ನೋಡಿ ಬರದೆ ಅವಳು ಯಾವ ಸಿನಿಮಾಕ್ಕೂ ಹೋದವಳಲ್ಲ.

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ರತ್ನಾಕರನ ಜೊತೆ ಹೋದವನು ಮಂಜಯ್ಯ. ಹಿಂದೆ ಖಾಸಗಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದ ಮಂಜಯ್ಯ ಯಕ್ಷಗಾನಕ್ಕೂ ರತ್ನಾಕರನ ಜೊತೆಗಾರ. ಇಬ್ಬರಿಗೂ ಒಂದೇ ಚಾಪೆ. ಸೀಟಿನಲ್ಲಿ ಕೂತ ಮೇಲೆ ಇಬ್ಬರೂ ಗಂಭೀರವಾಗಿ ಒಪ್ಪಂದ ಮಾಡಿಕೊಂಡರು.

“ಮಂಜಯ್ಯ, ಆಟದ್ ಸೀನ್ ಬಪ್ಪತ್ತಿಗೆ ನಂಗೆ ಒಂಚೂರ್ ಹೇಳಿ.”

“ಹೇಳುದೆಂತಕ್ಕೆ? ಚೆಂಡೆ ಬಡೀತ್ತಲೆ.”

ಹೌದಲ್ಲ ಎನಿಸಿತು ರತ್ನಾಕರನಿಗೆ. ಚೆಂಡೆ ಇರುವಾಗ ಮನುಷ್ಯರ ಮೇಲೆ ಭಾರ ಹಾಕುವುದು ಯಾಕೆ? ಇಬ್ಬರೂ ಕಾಲು ಚಾಚಿದರು.

ಚೆಂಡೆ ಬಡಿಯಿತು. ಇಬ್ಬರೂ ಒಟ್ಟಿಗೆ ಕಣ್ಣು ಬಿಟ್ಟರು. ಪರದೆಯ ಮೇಲೆ ಬೆಳಗಾಗಿತ್ತು. ಖಾಲಿ ಗದ್ದೆ. ಯಾರೋ ಇಬ್ಬರು ಪ್ಲಾಸ್ಟಿಕ್ ಕುರ್ಚಿಗಳನ್ನು ಟೆಂಪೋಕ್ಕೆ ತುಂಬಿಸುತ್ತಿದ್ದರು. ಅದರ ಮೇಲೆ ಚೆಂಡೆ ಬಡಿಯುತ್ತಲೇ ಇತ್ತು. ವೇಷವಿಲ್ಲ, ಗುಲ್ವಾಡಿಯಿಲ್ಲ, ಕ್ಲೋಸಪ್ಪಂತೂ ಇಲ್ಲವೇ ಇಲ್ಲ.

“ಮಂಜಯ್ಯ, ಎಲ್ಲಿತ್ತ್ ನಾವ್?”

“ಅದೇ ನಾನೂ ಕಾಂತಾ ಇದ್ದೆ.”

“ನೀವ್ ಒರ್ಗಿದ್ರ್ಯಾ?”

“ನಾನಾ?” ಮಂಜಯ್ಯನಿಗೆ ಅವಮಾನವಾಯಿತು. “ರೆಪ್ಪೆ ಬಡೀಲಿಲ್ಲ. ನೀವ್?”

“ನಾ ಕಣ್ಣ್ ಮುಚ್ಲೇ ಇಲ್ಲ.”

ಹೀಗೆ ಒಂದೇ ನಿಮಿಷದಲ್ಲಿ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು ತಯಾರಾದರು. ಚೆಂಡೆ ಇದೆ, ಗದ್ದೆ ಇದೆ, ಕುರ್ಚಿ ಇದೆ, ಕುರ್ಚಿಯಲ್ಲಿ ಕೂತವರು ಇಲ್ಲ. ಅಂದರೆ ಗುಲ್ವಾಡಿಯವರನ್ನು ಕತ್ತರಿಸಿ ಬಿಸಾಡಿದ್ದಾರೆ. ಇದಕ್ಕಿಂತ ಬೇರೆ ಅರ್ಥ ಯಾವ ಕೋರ್ಟಿನಲ್ಲೂ ಸಾಧ್ಯವಿಲ್ಲ ಎಂದು ಅವರಿಗೆ ಖಾತ್ರಿಯಾಯಿತು. ರತ್ನಾಕರ ಸಿನಿಮಾ ಮುಗಿಯುವ ಮೊದಲೇ ಎದ್ದು ಹೊರಟ.

ಪದ್ದುವಿನ ಹೋಟೆಲಿನಲ್ಲಿ ಸುದ್ದಿ ಬಿದ್ದಾಗ ಪದ್ದು ಬನ್ಸ್ ಕರಿಯುತ್ತಿದ್ದ. ಜಾಲರಿ ಸೌಟನ್ನು ಎತ್ತಿ ಹಿಡಿದೇ ನಿಂತುಬಿಟ್ಟ.

“ಕತ್ತರ್ಸಿರಾ? ನಂದೂ?”

“ನಂದೇ ಇಲ್ಲ, ನಿಂದೆಲ್ಲಿ ಬತ್ತ್!”

“ಅಲ್ಲ ಮರ್ರೆ, ಶೂಟಿಂಗಿನ ದಿನ ‘ಕಡ್ಲೆ ತಿನ್ನಿ, ಕಡ್ಲೆ ತಿನ್ನಿ’ ಅಂದೇಳಿ ನನ್ ಹತ್ರ ಎಷ್ಟ್ ಸಲ ತಿನ್ಸಿರ್! ಹೊಟ್ಟೆ ಕೆಟ್ಟ್ ಎರಡ್ ದಿನ ಹೋಟೆಲ್ ಬಾಗ್ಲ್ ಹಾಕಿದ್ದೆ. ಅದೆಲ್ಲ ಸುಮ್ನೆಯಾ?”

ಪದ್ದುವಿನ ಹೊಟ್ಟೆಯ ನೋವು ಊರಿನ ನೋವಾಯಿತು. ಚಳಿಯಲ್ಲಿ ಕೂತದ್ದು, ಸೊಳ್ಳೆ ಕಚ್ಚಿಸಿಕೊಂಡದ್ದು, ದೃಶ್ಯಕ್ಕೆಂದು ಹೊಸ ಶರ್ಟು ಹೊಲಿಸಿದ್ದು ಎಲ್ಲ ಒಂದೊಂದಾಗಿ ಹೊರಬಂತು. ಸಿನಿಮಾ ನೋಡದ ಎಲ್ಲರಿಗೂ ಸಿನಿಮಾದ ಬಗ್ಗೆ ಖಚಿತ ಅಭಿಪ್ರಾಯ ಹುಟ್ಟಿತು. ಕಥೆ ಸರಿ ಇಲ್ಲ ಎಂದರು. ಹೀರೋಯಿನ್ ಸರಿ ಅಳುವುದಿಲ್ಲ ಎಂದರು. ಗುಲ್ವಾಡಿಯ ಹೊಳೆಯನ್ನು ಬೇರೆ ಊರಿನ ಹೊಳೆಯೆಂದು ತೋರಿಸಿದ್ದಾರಂತೆ ಎಂದೂ ಒಬ್ಬರು ಹೇಳಿದರು. ಅದು ಹೇಗೆ ಗೊತ್ತಾಯಿತೆಂದು ಯಾರೂ ಕೇಳಲಿಲ್ಲ. ಸಿಟ್ಟು ಬಂದಾಗ ಅಂಥ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ.

ಶನಿವಾರ ರತ್ನಾಕರನ ಸ್ಕೂಟರು ಹಾರನ್ ಹೊಡೆಯುವ ಬದಲು ಗುಡುಗುತ್ತ ಹೋಯಿತು. “ಪಿಚ್ಚರ್ ಹ್ಯಾಂಗಿತ್ತ್?” ಎಂದವರಿಗೆ ಅವನು ಡಬ್ಬಿಯ ಮುಚ್ಚಳ ಬಡಿದು ಹೇಳಿದ: “ಐಸಿನದ್ದೂ ಅಲ್ಲ. ಕೊಳ್ತದ್ದ್!” ಆ ಶಬ್ದವನ್ನು ಅವನು ಹಿಂದೆಂದೂ ಬಳಸಿರಲಿಲ್ಲ. ಹಾಲಾಡಿಯವರು ಯಾರೂ ಆ ಸಿನಿಮಾದಲ್ಲಿ ಕೂತವರಲ್ಲ; ಆದರೂ ಗುಲ್ವಾಡಿಯ ಪರವಾಗಿ ಅವರೂ ಸಿಟ್ಟಾದರು. ನಮ್ಮನ್ನಾದರೆ ಕರೆಯಲೇ ಇಲ್ಲ ನೋಡಿ ಎಂದು ಅದಕ್ಕೊಂದು ಬೇರೆ ಸಿಟ್ಟು ಸೇರಿಸಿಕೊಂಡರು.

ದಾರಿಯಲ್ಲೇ ಯೋಗೀಶನ ಫೋನು ಬಂತು.

“ಬಾವ, ನಿಮ್ಮ್ ಮೋರೆ ಕಂಡ್ ಕ್ಯಾಮೆರಾ ಹೆದ್ರಿತಂಬ್ರ್?”

“ಕಾಣಿ ಬಾವ, ಕುಶಾಲ್ ಮಾಡುಕೆ ಇದ್ ಟೈಮಲ್ಲ.”

“ಕುಶಾಲ್ ಎಂತದ್? ಒಂದ್ ವರ್ಷದಿಂದ ಕ್ಲೋಸಪ್ ಕ್ಲೋಸಪ್ ಅಂದ್ರಿ. ನಮ್ಮ್ ಕೇರಿಯಲ್ ಎಲ್ಲರಿಗೂ ಹೇಳಿ ಇಟ್ಟಿದ್ದೆ. ಈಗ ಎಂತ ಹೇಳುದ್ ನಾನ್? ಕುರ್ಚಿ ಮಾತ್ರ ಕಾಂತ್ ಅಂದೇಳಿಯಾ?”

ಫೋನು ಇಟ್ಟ ಮೇಲೆ ರತ್ನಾಕರ ಉಳಿದ ಮೀನನ್ನು ಅರ್ಧ ದರಕ್ಕೆ ಕೊಟ್ಟು, ಮಂಜಯ್ಯನನ್ನೂ ಪದ್ದುವನ್ನೂ ಕರೆದುಕೊಂಡು ನೇರ ಕುಂದಾಪುರದ ಚಿತ್ರಮಂದಿರಕ್ಕೆ ಹೋದ. ಮ್ಯಾನೇಜರು ಮೂವರ ಮುಖ ನೋಡಿ ಟಿಕೆಟಿಗೆ ಬಂದವರಲ್ಲ ಎಂದು ಅರ್ಥ ಮಾಡಿಕೊಂಡ.

“ಕತ್ರಿ ಯಾರ್ ಹತ್ರ ಇತ್ತ್?” ಎಂದ ರತ್ನಾಕರ.

“ಕತ್ರಿಯಾ? ಇಲ್ಲಿ ಕತ್ರಿ ಎಂತಕ್ಕೆ?”

“ನಮ್ಮನ್ನ್ ಕತ್ತರ್ಸಿದ್ ಕತ್ರಿ!”

“ಕಾಣಿ, ಅವ್ರ್ ಕಳ್ಸಿದ್ದನ್ನ್ ನಾವ್ ತೋರ್ಸುದ್. ನಿನ್ನೆ ಸೀಟೆಲ್ಲ ಖಾಲಿ. ನಾಳೆಯೂ ಹಿಂಗೇ ಆದ್ರೆ ಸೋಮವಾರ ಬೇರೆ ಪಿಚ್ಚರ್ ಹಾಕ್ತೆ. ನಂಗೆ ಅಷ್ಟೇ ಗೊತ್ತಿಪ್ಪುದ್.”

ಗದ್ದಲ ಕೇಳಿ ರಸ್ತೆಯಲ್ಲಿದ್ದ ಪೊಲೀಸಿನವರು ಒಳಗೆ ಬಂದರು. ರತ್ನಾಕರನಿಗೆ ಧೈರ್ಯ ಬಂತು.

“ಸರ್, ಒಂದ್ ದೂರಿತ್ತ್. ನನ್ ಮೋರೆ ಕಾಣೆಯಾಯ್ತ್.”

ಪೊಲೀಸಿನವರು ಅವನ ಮುಖವನ್ನು ಎರಡೂ ಬದಿಯಿಂದ ನೋಡಿದರು. “ಇಲ್ಲೇ ಇತ್ತಲೆ.”

“ಇದಲ್ಲ. ಪಿಚ್ಚರಿನ ಒಳ್ಗಿಪ್ಪುದ್.”

“ಅದ್ ನಮ್ಮ್ ಸ್ಟೇಷನ್ನಿಗೆ ಬತ್ತಿಲ್ಲ ಮಾರಾಯ್ರೆ. ಬಾಗ್ಲ್ ಬಿಟ್ಟ್ ನಿಲ್ಲಿ.”

ಕಾನೂನೂ ಕೈಬಿಟ್ಟಿತು. ಪೊಲೀಸಿನವರಿಗೂ ಸಿನಿಮಾದವರಿಗೂ ಒಳಗೊಳಗೇ ವ್ಯವಹಾರ ಇದೆ ಎಂದು ಮಂಜಯ್ಯ ವಾಪಸು ಬರುವ ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ.

ಅದೇ ಸಂಜೆ ಪದ್ದುವಿನ ಹೋಟೆಲಿನ ಎದುರು ಕಾರೊಂದು ನಿಂತಿತು. ಇಳಿದವಳು ನವ್ಯಶ್ರೀ. ಮ್ಯಾನೇಜರು ಅವಳಿಗೆ ಫೋನು ಮಾಡಿ ಎಲ್ಲ ಹೇಳಿದ್ದ. ಅವಳ ಸಿಟ್ಟಿನ ಎದುರು ರತ್ನಾಕರನದು ಏನೂ ಅಲ್ಲ.

“ರತ್ನಾಕರಣ್ಣ, ನನ್ ಪಿಚ್ಚರ್ ಕೊಳ್ತದ್ದ್ ಅಂದೇಳಿ ಹಾಲಾಡಿ ತನಕ ಹೇಳ್ಕಂಡ್ ಬಂದ್ರಿಯಂಬ್ರ್. ಹೌದಾ?”

“ಹೌದ್. ನಾ ಇದ್ದದ್ದ್ ಹೇಳುವವ.”

“ಎಂತ ಇತ್ತ್, ಎಂತ ಇಲ್ಲ? ಹೇಳಿ!”

“ನಾವಿಲ್ಲ! ಇಡೀ ಊರನ್ನ್ ಕೂರ್ಸಿ, ಕಡ್ಲೆ ತಿನ್ಸಿ, ಆಮೇಲ್ ಕುರ್ಚಿ ಮಾತ್ರ ತೋರ್ಸುದಾ? ಚೆಂಡೆ ಇಟ್ಕಂಡಿರಿ. ಚೆಂಡೆ ಬೇಕ್, ಗುಲ್ವಾಡಿ ಬೇಡ!”

“ಆ ಸೀನ್ ಇತ್ತ್!”

“ಇಲ್ಲ!”

“ನನ್ ಪಿಚ್ಚರಿನಲ್ಲಿ ಎಂತ ಇತ್ತ್ ಅಂದೇಳಿ ನಂಗೆ ಗೊತ್ತಿಲ್ಯಾ?”

“ನನ್ ಮೋರೆ ಎಲ್ಲಿತ್ತ್ ಅಂದೇಳಿ ನಂಗೆ ಗೊತ್ತಿಲ್ಯಾ? ಮಂಜಯ್ಯನೂ ಇದ್ರ್. ಹೇಳಿ ಮಂಜಯ್ಯ!”

“ರೆಪ್ಪೆ ಬಡೀಲಿಲ್ಲ” ಎಂದ ಮಂಜಯ್ಯ.

ನವ್ಯಶ್ರೀಯ ಕಣ್ಣಲ್ಲಿ ನೀರು ಬಂತು. ಅದು ದುಃಖದ ನೀರಲ್ಲ. “ಮೂರ್ ವರ್ಷ ಈ ಪಿಚ್ಚರಿಗೆ ಬೆನ್ನ್ ಹತ್ತಿ ತಿರ್ಗಿದ್ದೆ. ಬೇರೆ ಊರ್ನವ್ರ್ ಬೈಲಿ, ಬೇಜಾರಿಲ್ಲ. ನಿಮ್ಮನ್ನೇ ತೋರ್ಸಿದ್ ಪಿಚ್ಚರನ್ನ್ ನೀವೇ ಕೊಂದ್ರಿ. ನಾಳೆ ಮಧ್ಯಾಹ್ನ ಎಲ್ಲರೂ ಬನ್ನಿ. ಆ ಸೀನ್ ಇಲ್ದಿದ್ರೆ ನಾ ಜನ್ಮದಲ್ ಕ್ಯಾಮೆರಾ ಮುಟ್ಟುದಿಲ್ಲ. ಇದ್ರೆ? ಇದ್ರೆ ನೀವೆಂತ ಮಾಡ್ತ್ರಿ?”

ಎಲ್ಲರೂ ರತ್ನಾಕರನತ್ತ ತಿರುಗಿದರು. ಅವನು ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು ಹೇಳಿದ: “ಇದ್ರೆ ಇನ್ ಮೇಲೆ ನಾ ಯಾವ ಪಿಚ್ಚರ್ ಬಗ್ಗೆಯೂ ಬಾಯ್ ಬಿಡುದಿಲ್ಲ. ಇದ್ ಮಾತ್.”

ಮಾತು ಕೊಟ್ಟ ಮೇಲೆ ಅವನಿಗೂ ಸ್ವಲ್ಪ ಗಾಬರಿಯಾಯಿತು. ಅಭಿಪ್ರಾಯವಿಲ್ಲದೆ ಬರೇ ಮೀನು ಮಾರುವ ರತ್ನಾಕರನನ್ನು ಯಾರು ಗೇಟಿನಲ್ಲಿ ನಿಲ್ಲಿಸಿಕೊಂಡಾರು?

ಭಾನುವಾರ ಗುಲ್ವಾಡಿಯಿಂದ ಒಂದು ಬಸ್ಸು ಪೂರ್ತಿ ಜನ ಹೊರಟಿತು. ಸಿನಿಮಾ ನೋಡಲು ಅಲ್ಲ, ಸಿನಿಮಾದಲ್ಲಿ ತಾವಿಲ್ಲದ್ದನ್ನು ನೋಡಲು. ಬೈಂದೂರಿನಿಂದ ಯೋಗೀಶನೂ ಬಂದ, ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ, ಬಾವನ ಸೋಲನ್ನು ಹತ್ತಿರದಿಂದ ನೋಡುವ ಹುಮ್ಮಸ್ಸಿನಲ್ಲಿ. ಗುಲಾಬಿ ಮಡಿಸಿಟ್ಟ ನೇರಳೆ ಸೀರೆ ಉಟ್ಟಳು.

“ಕೊಳ್ತದ್ದಕ್ಕೆ ಆ ಸೀರೆ ಎಂತಕ್ಕೆ?” ಎಂದ ರತ್ನಾಕರ.

“ಕಂಡ್ ಹೇಳ್ತೆ” ಎಂದಳು ಗುಲಾಬಿ. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ನಿದ್ರೆ ಬರುತ್ತದೆಂದು ರತ್ನಾಕರ ಒಪ್ಪಿದವನಲ್ಲ. ಆದರೂ ಮುನ್ನೆಚ್ಚರಿಕೆಯಾಗಿ ಎರಡು ಲೋಟ ಖಡಕ್ ಚಾ ಕುಡಿದ, ಕಣ್ಣು ಎಳೆದರೆ ಕಚ್ಚಲು ಕಿಸೆಯಲ್ಲಿ ಒಣಮೆಣಸು ಇಟ್ಟುಕೊಂಡ. ಮಂಜಯ್ಯನ ಪಕ್ಕಕ್ಕೆ ಪದ್ದುವನ್ನು ಕೂರಿಸಿ, ತಲೆ ವಾಲಿದರೆ ಚಿವುಟಬೇಕೆಂದು ಹೇಳಿದ. ತನ್ನನ್ನು ಚಿವುಟಲು ಯಾರಿಗೂ ಹೇಳಲಿಲ್ಲ. ನಾಯಕನಾದವನಿಗೆ ಚಿವುಟಿಸಿಕೊಳ್ಳುವುದು ಒಪ್ಪುವ ಮಾತಲ್ಲ. ಒಂದು ಬದಿಗೆ ಗುಲಾಬಿ, ಇನ್ನೊಂದು ಬದಿಗೆ ಯೋಗೀಶ, ನಡುವೆ ಅವನು. ಎದುರಿನ ಸಾಲಿನಲ್ಲಿ ಕೈಕಟ್ಟಿ ಕೂತ ನವ್ಯಶ್ರೀ.

ಸಿನಿಮಾ ಶುರುವಾಯಿತು. ಕಥೆ ಇಷ್ಟೇ: ಹೊಳೆಗೆ ಹೋದ ತಮ್ಮನಿಗಾಗಿ ಕಾಯುತ್ತಿರುವ ಅಕ್ಕ. ಏಸಿಯ ಗಾಳಿ ಕತ್ತಿನ ಹಿಂದಿನಿಂದ ಬರುತ್ತಿತ್ತು. ರತ್ನಾಕರ ಮೆಣಸನ್ನು ಕೈಯಲ್ಲಿ ಹಿಡಿದುಕೊಂಡ. ಅಂದು ಬಂದರಿನಲ್ಲಿ ಬೋಟುಗಳು ತಡವಾಗಿ ಬಂದದ್ದರಿಂದ ನಿಂತು ನಿಂತು ಅವನ ಕಾಲು ಸೋತಿತ್ತು. ಮೆಣಸು ಕೈಯಲ್ಲೇ ಉಳಿಯಿತು.

ಆಟದ ದೃಶ್ಯ ಬಂತು. ರಂಗಸ್ಥಳದಲ್ಲಿ ವೇಷ ಕುಣಿಯುತ್ತಿದೆ, ಭಾಗವತರ ಬಾಯಿ ಆಡುತ್ತಿದೆ, ಚೆಂಡೆಯ ಮೇಲೆ ಕೋಲು ಬೀಳುತ್ತಿದೆ, ಆದರೆ ಶಬ್ದವಿಲ್ಲ. ಆಟ ನೋಡುತ್ತ ಕೂತ ಅಕ್ಕನಿಗೆ ಯಾರೋ ಬಂದು ಕಿವಿಯಲ್ಲಿ ಏನೋ ಹೇಳುತ್ತಾರೆ. ಅಲ್ಲಿಂದ ಅವಳಿಗೆ ಲೋಕ ಕೇಳಿಸುವುದಿಲ್ಲ. ಪ್ರೇಕ್ಷಕರಿಗೂ ಕೇಳಿಸಬಾರದೆಂದು ನವ್ಯಶ್ರೀ ಎಲ್ಲ ಸದ್ದನ್ನೂ ತೆಗೆದಿದ್ದಳು. ಯಕ್ಷಗಾನದಲ್ಲಿ ಮೊದಲು ಚೆಂಡೆ, ಆಮೇಲೆ ವೇಷ. ಇಲ್ಲಿ ಎಲ್ಲ ಮುಗಿದ ಮೇಲೆ ಚೆಂಡೆ. ಶುಕ್ರವಾರ ಇಬ್ಬರು ಪ್ರತ್ಯಕ್ಷ ಸಾಕ್ಷಿಗಳಿಗೆ ಆದದ್ದು ಇಷ್ಟೇ.

ಮಂಜಯ್ಯ ಪದ್ದುವಿನ ಚಿವುಟಿನಿಂದ ಎಚ್ಚರವಾಗಿದ್ದ. ಅವನ ಬಾಯಿ ನಿಧಾನಕ್ಕೆ ತೆರೆಯಿತು.

ಕ್ಯಾಮೆರಾ ಮೊದಲ ಸಾಲಿನ ಮುಖಗಳ ಮೇಲೆ ಒಂದೊಂದಾಗಿ ಹೋಯಿತು. ಕಡಲೆ ತಿನ್ನುವ ಪದ್ದು ಬಂದ. “ನಾ! ನಾ ಕಾಣಿ!” ಎಂದು ಪದ್ದು ಕುರ್ಚಿ ಬಡಿದ. ಸಿಳ್ಳೆ ಬಿತ್ತು. ಆಮೇಲೆ ಪರದೆ ತುಂಬ ರತ್ನಾಕರನ ಮುಖ. ತಲೆ ಹಿಂದಕ್ಕೆ ವಾಲಿದೆ, ಬಾಯಿ ಅಷ್ಟಗಲ ತೆರೆದಿದೆ, ಗಾಢ ನಿದ್ರೆ. ಚಿತ್ರಮಂದಿರವಿಡೀ ನಗೆಯಲ್ಲಿ ಬಿದ್ದು ಹೊರಳಿತು. ಯೋಗೀಶ ನಕ್ಕು ನಕ್ಕು ಬಿಳಿ ಶರ್ಟಿನಲ್ಲೇ ಕಣ್ಣೊರೆಸಿಕೊಂಡ.

ಆದರೆ ಕ್ಯಾಮೆರಾ ಮುಂದೆ ಹೋಗಲಿಲ್ಲ, ಅಲ್ಲೇ ನಿಂತಿತು. ರತ್ನಾಕರನ ಪಕ್ಕದಲ್ಲಿ ಗುಲಾಬಿ. ಅವಳ ಕಣ್ಣು ರಂಗಸ್ಥಳದ ಮೇಲೆ, ವೇಷದ ಬಣ್ಣವೆಲ್ಲ ಅವಳ ಮುಖದಲ್ಲಿ. ರತ್ನಾಕರನ ತಲೆ ಆಚೆ ವಾಲುತ್ತದೆ. ಅವಳು ಆಟದಿಂದ ಕಣ್ಣು ಕೀಳದೆ ಕೈಚಾಚಿ ಅದನ್ನು ಎತ್ತಿ ನಿಲ್ಲಿಸುತ್ತಾಳೆ. ಮತ್ತೆ ವಾಲುತ್ತದೆ, ಮತ್ತೆ ಎತ್ತುತ್ತಾಳೆ. ಕೊನೆಗೆ ತಾನೇ ಸ್ವಲ್ಪ ಹತ್ತಿರ ಸರಿದು ಆ ತಲೆಗೆ ಹೆಗಲು ಕೊಡುತ್ತಾಳೆ. ಇಬ್ಬನಿ ಬೀಳುತ್ತಿದೆ. ನೇರಳೆ ಸೆರಗನ್ನು ಎಳೆದು ಅವನ ಕಿವಿ ಮುಚ್ಚುತ್ತಾಳೆ. ಕಣ್ಣು ಆಗಲೂ ವೇಷದ ಮೇಲೆಯೇ. ಆ ಹೊತ್ತಿನಲ್ಲಿ ಅವಳಷ್ಟು ಚಂದದ ಮುಖ ಆ ಇಡೀ ಸಿನಿಮಾದಲ್ಲಿ ಇನ್ನೊಂದು ಇರಲಿಲ್ಲ.

ನಗುತ್ತಿದ್ದವರು ಯಾವಾಗ ನಗು ನಿಲ್ಲಿಸಿದರೆಂದು ಯಾರಿಗೂ ಗೊತ್ತಾಗಲಿಲ್ಲ. ಸಿಳ್ಳೆಗೂ ನಗೆಗೂ ಏಳದ ಬಾವನನ್ನು ಎಬ್ಬಿಸಲು ಯೋಗೀಶ ಪಕ್ಕಕ್ಕೆ ತಿರುಗಿದ. ರತ್ನಾಕರನ ತಲೆ ಗುಲಾಬಿಯ ಹೆಗಲ ಮೇಲಿತ್ತು, ಬಾಯಿ ಅಷ್ಟೇ ಅಗಲ ತೆರೆದಿತ್ತು.

“ಬ್ಯಾಡ ಅಣ್ಣ” ಎಂದಳು ಗುಲಾಬಿ, ಪರದೆಯಿಂದ ಕಣ್ಣು ಕೀಳದೆ. “ಇವತ್ತ್ ಬೋಟ್ ಲೇಟ್. ಇವ್ರ್ ಬೆಳ್ಗೆ ಬಂದರಲ್ ನಿಂತೇ ಇದ್ದದ್ದ್.”

ಆಗ ಚೆಂಡೆ ಬಡಿಯಿತು. ಪರದೆಯಲ್ಲಿ ಬೆಳಗಾಯಿತು. ಖಾಲಿ ಗದ್ದೆ, ಕುರ್ಚಿ, ಟೆಂಪೋ. ರತ್ನಾಕರ ದಡಬಡಿಸಿ ಎದ್ದು ನಿಂತ. ಕೈಯಲ್ಲಿದ್ದ ಮೆಣಸನ್ನು ಪರದೆಯ ಕಡೆ ಚಾಚಿ ಗುಡುಗಿದ:

“ಕಂಡ್ರ್ಯಾ? ಎಲ್ಲರೂ ಕಂಡ್ರ್ಯಾ? ನಾ ಹೇಳ್ಲಿಲ್ಯಾ? ಕುರ್ಚಿ ಮಾತ್ರ! ಎಲ್ಲಿತ್ತ್ ನನ್ ಮೋರೆ? ಮೇಡಂ, ಈಗೆಂತ ಹೇಳ್ತ್ರಿ?”

ನವ್ಯಶ್ರೀ ತಿರುಗಿ ನೋಡಿದಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು; ಅವಳ ಹೆಗಲು ನಗುವಿಗೆ ಕುಲುಕುತ್ತಿತ್ತು. ಗುಲ್ವಾಡಿಯವರು ಸೀಟಿನಿಂದ ಜಾರಿ ಕೆಳಗೆ ಬಿದ್ದು ನಗುತ್ತಿದ್ದರು.

“ರತ್ನಾಕರ, ಕೂಕಣಿ” ಎಂದ ಮಂಜಯ್ಯ, ತಗ್ಗಿದ ದನಿಯಲ್ಲಿ. “ಸೀನ್ ಇತ್ತ್. ನಾ ಕಂಡೆ.”

“ಮಂಜಯ್ಯ, ನೀವೂ ಅವ್ರ್ ಬದಿಗ್ ಹೋದ್ರ್ಯಾ?”

“ಕೂಕಣಿ ಮಾರಾಯ್ರೆ!”

ಹೊರಗೆ ಬಂದಾಗ ಹೆಂಗಸರೆಲ್ಲ ಗುಲಾಬಿಯನ್ನು ಸುತ್ತಿಕೊಂಡರು. ಯಾರೋ ಅವಳ ಕೈ ಹಿಡಿದರು, ಯಾರೋ ಸೀರೆ ಮುಟ್ಟಿ ನೋಡಿದರು. ಮ್ಯಾನೇಜರು ಬಂದು ಸಿನಿಮಾ ಇನ್ನೂ ಇಡುತ್ತೇನೆಂದ. ರತ್ನಾಕರ ಬಸ್ಸಿನ ಹತ್ತಿರ ಒಬ್ಬನೇ ನಿಂತು ಉರಿಯುತ್ತಿದ್ದ. ಯಾರೂ ಅವನಿಗೆ ಪೂರ್ತಿ ಹೇಳಲಿಲ್ಲ. ಅವನು ಯಾರನ್ನು ಕೇಳಿದರೂ ನಕ್ಕು ಬಸ್ಸು ಹತ್ತುತ್ತಿದ್ದರು. ಕೊನೆಗೆ ಅವನು ಗುಲಾಬಿಯನ್ನೇ ಕೇಳಿದ.

“ಕ್ಲೋಸಪ್ ಯಾರದ್ ಇದ್ದದ್ದ್?”

“ಇಬ್ರದ್ದೂ” ಎಂದಳು ಗುಲಾಬಿ. “ನೀವೇ ಕಂಡ್ ಬನ್ನಿ. ನಾ ಕಂಡಾಯ್ತ್. ತಾಜಾ ಇತ್ತ್.”

ಸೋಮವಾರ ಗುಲ್ವಾಡಿಗೆ ಮೀನು ಬರಲಿಲ್ಲ. ರತ್ನಾಕರ ಬಂದರಿಗೆ ಹೋಗದೆ ಬಿಸಿಲೇರುವವರೆಗೆ ಮನೆಯಲ್ಲಿ ಮಲಗಿ, ಮಿಂದು, ಊಟ ಮಾಡದೆ, ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋದ. ಮೀನಿಲ್ಲದ ಗುಲ್ವಾಡಿ ಸಿಟ್ಟಿನಲ್ಲಿ ಸೊಪ್ಪಿನ ಸಾರು ಉಂಡಿತು. ಹಾಲಾಡಿಯಿಂದಲೂ ಫೋನು ಬಂತು. ಸಿನಿಮಾಕ್ಕಾಗಿ ಬಂಗುಡೆ ತಪ್ಪಿಸುವ ಮನುಷ್ಯನಿಗೆ ಜವಾಬ್ದಾರಿ ಇದೆಯೇ ಎಂದು ಅವರು ಕೇಳುತ್ತಿದ್ದರು.

ಸಂಜೆ ರತ್ನಾಕರ ಪದ್ದುವಿನ ಹೋಟೆಲಿಗೆ ಬಂದಾಗ ಬೈಯಲು ಕಾದಿದ್ದವರೆಲ್ಲ ಅವನ ಮುಖ ನೋಡಿ ಸರಿದು ಜಾಗ ಬಿಟ್ಟರು. ಕಣ್ಣು ಕೆಂಪಾಗಿತ್ತು, ಮೂಗಿನ ತುದಿಯೂ ಕೆಂಪಾಗಿತ್ತು. ಅವನು ಬೆಂಚಿನ ಮೇಲೆ ಕೂತ. ಪದ್ದು ಚಾ ತಂದಿಟ್ಟು ಮೆಲ್ಲಗೆ ಕೇಳಿದ: “ಹ್ಯಾಂಗಿತ್ತ್ ರತ್ನಾಕರಣ್ಣ?”

“ಪಿಚ್ಚರ್ ಬಗ್ಗೆ ನಾ ಬಾಯ್ ಬಿಡುದಿಲ್ಲ. ಮಾತ್ ಕೊಟ್ಟಿದ್ದೆ.”

“ಹ್ಞಾ, ಅದ್ ಹೌದ್.”

ಆಮೇಲೆ ರತ್ನಾಕರ ಬೆಂಚು ಅಲ್ಲಾಡುವಂತೆ ಮೇಜಿಗೆ ಗುದ್ದಿದ. ಚಾ ತುಳುಕಿತು.

“ಆದ್ರೆ ಆ ಗಂಡ್ಸ್ ಇದ್ನಲೆ, ಮೊದ್ಲ್ ಸಾಲಲ್ ಬಾಯ್ ಕಳ್ದ್ ಒರ್ಗಿದವ! ಅವಂಗೆ ನಾಚ್ಕೆ ಇತ್ತಾ? ಅಂಥಾ ಹೆಂಗ್ಸ್ ಬದಿಯಲ್ ಕೂಕಂಡಿಪ್ಪತ್ತಿಗೆ ಕಣ್ಣ್ ಮುಚ್ಚುಕೆ ಅವಂಗೆ ಮನ್ಸ್ ಹ್ಯಾಂಗ್ ಬಂತ್? ಹೇಳಿ ಕಾಂಬ!”

ಪದ್ದು ಮೇಜು ಒರೆಸಿ ಇನ್ನೊಂದು ಚಾ ತಂದಿಟ್ಟ.